ಹೆಸರೆತ್ತದ ದೊಡ್ಡಜ್ಜನ ಮನೆ

ಗದಗಿಗೆ ವಿಡಿಯೊ ಕಾಲ್ ಮಾಡುವಾಗ ನಾವು ಮೂವರೂ ಬೆನ್ನು ಹಾಕಿ ಕೂರುತ್ತಿದ್ದ ಗೋಡೆಯ ಮೇಲೆ ಏನೂ ಇರುತ್ತಿರಲಿಲ್ಲ. ಇದ್ದ ಒಂದು ಚಿತ್ರವನ್ನು ಅಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಮೊಳೆಯಿಂದ ಕಳಚಿ ಹಾಸಿಗೆಯ ಮೇಲೆ ಬೋರಲು ಹಾಕುತ್ತಿದ್ದರು. ಬಿಳಿ ಕಲ್ಲಿನ, ಚೂಪು ಶಿಖರಗಳಿದ್ದ ಒಂದು ದೊಡ್ಡ ದೇವಾಲಯದ ಚಿತ್ರ ಅದು. ಮಾತು ಮುಗಿದ ಮೇಲೆ ಅದನ್ನು ಅಂಗಿಯ ತೋಳಿನಿಂದ ಒರೆಸಿ ಮತ್ತೆ ಅಲ್ಲೇ ತೂಗುಹಾಕುತ್ತಿದ್ದರು. ಕಿಟಕಿ ಕಾಣದ ಹಾಗೆ ಅಮ್ಮ ಫೋನನ್ನು ಓರೆಯಾಗಿಸುತ್ತಿದ್ದಳು. ಹೊರಗಿನ ಮರ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಹೊರಗಿದ್ದ ಮರವಲ್ಲ ಎನ್ನುವುದು ಗದಗಿನಲ್ಲಿ ಕೂತ ಅಜ್ಜನಿಗೆ ಗೊತ್ತಾಗುವುದಾದರೂ ಹೇಗೆ? ಆದರೂ ಅವಳಿಗೆ ಭಯ. ಅಜ್ಜ ಕೇಳಿದರೆ ನಾವಿನ್ನೂ ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ನಲ್ಲೇ ಇದ್ದೇವೆ ಎನ್ನಬೇಕು, ಶಾಲೆ ಚೆನ್ನಾಗಿದೆ ಎನ್ನಬೇಕು ಎಂದು ನನಗೆ ಹೇಳಿಕೊಟ್ಟಿದ್ದರು. ಶಾಲೆ ಆಗ ಲ್ಯಾಪ್‌ಟಾಪಿನೊಳಗೆ ನಡೆಯುತ್ತಿದ್ದುದರಿಂದ ಹಾಗೆ ಹೇಳುವುದು ಕಷ್ಟವಿರಲಿಲ್ಲ. ಆದರೆ ಹೇಳುವಾಗ ಕಿವಿ ಬಿಸಿಯಾಗುತ್ತಿತ್ತು. ನನಗಾಗ ಹತ್ತು ವರ್ಷ. ನಾಚಿಕೆಯನ್ನು ನಾನು ಮೊದಲು ಗುರುತಿಸಿದ್ದು ಆ ಕಿವಿಯ ಬಿಸಿಯಿಂದ.

ನಾವು ಇದ್ದದ್ದು ಪಕ್ಕದ ರಾಜ್ಯದ ಫೋರ್ಟ್ ಮಿಲ್ ಎಂಬ ಊರಿನಲ್ಲಿ, ಅಜ್ಜನ ಸ್ವಂತ ಅಣ್ಣನ ಮನೆಯಲ್ಲಿ. ಗದಗಿನ ಮನೆಯಲ್ಲಿ ಆ ಅಣ್ಣನ ಹೆಸರು ಎತ್ತುವಂತಿರಲಿಲ್ಲ. ಡಾಕ್ಟರ್ ಶಿವಲಿಂಗಪ್ಪ ಹುಬ್ಬಳ್ಳಿಯಲ್ಲಿ ಓದಿ, ಕಣ್ಣಿನ ಶಸ್ತ್ರಚಿಕಿತ್ಸೆಯ ತರಬೇತಿಗೆಂದು ಯೂಟಾಕ್ಕೆ ಬಂದವರು. ಅಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಒಬ್ಬ ವಿಧವೆಯ ಮನೆಯಲ್ಲಿ ಬಾಡಿಗೆಗಿದ್ದರು. ಚಳಿಗಾಲದಲ್ಲಿ ಜ್ವರ ಬಂದು ಮಲಗಿದಾಗ ಆಕೆ ಮಗನಂತೆ ನೋಡಿಕೊಂಡಳಂತೆ. ಆಕೆಯ ಜೊತೆ ಚರ್ಚಿಗೆ ಹೋದರು, ಮುಂದಿನ ವರ್ಷ ಅವರ ಧರ್ಮಕ್ಕೇ ಸೇರಿದರು. ನಮ್ಮ ಗೋಡೆಯ ಚಿತ್ರದಲ್ಲಿದ್ದದ್ದು ಆ ಧರ್ಮದ ದೇವಾಲಯವೇ. ಸೇರಿದ್ದಷ್ಟೇ ಆಗಿದ್ದರೆ ಮನೆಯವರು ಎಂದಾದರೂ ಕ್ಷಮಿಸುತ್ತಿದ್ದರೋ ಏನೋ. ಕೊರಳಲ್ಲಿದ್ದ ಇಷ್ಟಲಿಂಗವನ್ನು ಅವರು ಹತ್ತಿಯಲ್ಲಿ ಸುತ್ತಿ, ಒಂದು ಪುಟ್ಟ ಡಬ್ಬಿಯಲ್ಲಿಟ್ಟು, ಅಂಚೆಯಲ್ಲಿ ಗದಗಿಗೆ ವಾಪಸ್ ಕಳಿಸಿಬಿಟ್ಟರು. ಎಲ್ಲೋ ಒಂದು ಕಪಾಟಿನಲ್ಲಿ ಪೂಜೆಯಿಲ್ಲದೆ ಬಿದ್ದಿರುವುದು ಬೇಡ, ಮನೆಯವರ ಕೈಗೆ ಸೇರಲಿ ಎಂದು ಅವರ ಎಣಿಕೆ. ಗದಗಿನಲ್ಲಿ ಅದನ್ನು ಬಿಚ್ಚಿದವರು ಅವರ ತಾಯಿ. ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ, ಗೋಡೆಯ ಮೇಲಿನ ಡಾಕ್ಟರರ ಫೋಟೊ ಇಳಿಯಿತು ಎಂದು ಅಪ್ಪ ಚಿಕ್ಕಂದಿನಲ್ಲಿ ಕೇಳಿದ್ದರು. ಅವರನ್ನು ಕುರಿತು ಅಪ್ಪನಿಗೆ ತಿಳಿದದ್ದು ಅಷ್ಟೇ.

ನಾವು ಅಲ್ಲಿಗೆ ಹೋಗಿ ಸೇರಿದ್ದು ಬೇರೆ ದಾರಿ ಕಾಣದೆ. ಅಪ್ಪ ಅಟ್ಲಾಂಟಾದ ಹೊರಗೆ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದರು. ಕೋವಿಡ್ ಬಂದ ಕೆಲವೇ ವಾರಗಳಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ವೀಸಾದ ನಿಯಮದ ಪ್ರಕಾರ ಎರಡು ತಿಂಗಳೊಳಗೆ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲವೇ ದೇಶ ಬಿಡಬೇಕು. ಬಿಡೋಣವೆಂದರೆ ವಿಮಾನಗಳೇ ಇರಲಿಲ್ಲ. ಅಪಾರ್ಟ್‌ಮೆಂಟಿನ ಲೀಸ್ ಮುಗಿಯುತ್ತಿತ್ತು, ಸಂಬಳವಿಲ್ಲದವರಿಗೆ ಹೊಸ ಲೀಸ್ ಯಾರೂ ಕೊಡುವುದಿಲ್ಲ. ಹುಬ್ಬಳ್ಳಿಯಲ್ಲಿದ್ದ ಅಜ್ಜನ ತಂಗಿ ತನ್ನ ಹಿರಿಯಣ್ಣನ ನಂಬರನ್ನು ಯಾರಿಗೂ ತಿಳಿಯದಂತೆ ಇಟ್ಟುಕೊಂಡಿದ್ದರು. ಅವರಿಂದ ಅದು ಅಪ್ಪನಿಗೆ ಬಂತು. ಅಪ್ಪ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡು ಫೋನ್ ಮಾಡಿದರು. ಏನು ಮಾತಾಡಿದರೋ ತಿಳಿಯದು. ಅದೇ ಶನಿವಾರ ಮಾಸ್ಕ್ ಹಾಕಿಕೊಂಡ ನಾಲ್ಕಾರು ಅಪರಿಚಿತ ಅಮೆರಿಕನ್ನರು ಪಿಕಪ್ ಟ್ರಕ್ ತಂದು ನಮ್ಮ ಬಾಗಿಲಲ್ಲಿ ನಿಂತರು. ದೊಡ್ಡಜ್ಜನ ಚರ್ಚಿನವರು. ನಗುತ್ತಲೇ ನಮ್ಮ ಸೋಫಾ ಎತ್ತಿದರು, ಮಂಚ ಬಿಚ್ಚಿದರು, ಅಮ್ಮನ ಪಾತ್ರೆಗಳ ಡಬ್ಬಗಳನ್ನು ಹೊತ್ತರು. ದೇವರ ಡಬ್ಬವನ್ನು ಮಾತ್ರ ಅಮ್ಮ ಯಾರಿಗೂ ಕೊಡದೆ ಮಡಿಲಲ್ಲಿಟ್ಟುಕೊಂಡಳು. ಪಕ್ಕದ ಬ್ಲಾಕಿನ ಕನ್ನಡದ ಆಂಟಿ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು. ಅಮ್ಮ ಅವರ ಕಡೆ ಒಮ್ಮೆಯೂ ತಲೆಯೆತ್ತಲಿಲ್ಲ.

ದೊಡ್ಡಜ್ಜನನ್ನು ನಾನು ಮೊದಲು ಕಂಡದ್ದು ಅವರ ಮನೆಯ ಗ್ಯಾರೇಜಿನ ಮುಂದೆ. ಎಂಬತ್ತೈದು ದಾಟಿದ ಮನುಷ್ಯ, ಅಜ್ಜನಂಥದ್ದೇ ಉದ್ದ ಮೂಗು, ಅಜ್ಜನಂತೆಯೇ ಕೈಗಳನ್ನು ಹಿಂದೆ ಕಟ್ಟಿ ನಿಲ್ಲುವ ರೀತಿ. ಆದರೆ ಬಿಳಿ ಅಂಗಿ, ಟೈ. ಅಪ್ಪ ಕಾಲಿಗೆ ಬೀಳಲು ಬಗ್ಗಿದರು, ಅರ್ಧದಲ್ಲೇ ಏನು ನೆನಪಾಯಿತೋ, ಬೂಟಿನ ಲೇಸು ಕಟ್ಟುವವರಂತೆ ಅಲ್ಲೇ ಕುಕ್ಕರಿಸಿದರು. ದೊಡ್ಡಜ್ಜ ಅದನ್ನು ನೋಡಿಯೂ ನೋಡದವರಂತೆ ನನ್ನ ಹತ್ತಿರ ಬಂದು ಕಣ್ಣುಗಳನ್ನೇ ದಿಟ್ಟಿಸಿದರು. ಮನುಷ್ಯರ ಮುಖಕ್ಕಿಂತ ಮೊದಲು ಕಣ್ಣು ನೋಡುವುದು ಅವರ ಅಭ್ಯಾಸ.

"ಇಕಿಗೆ ನಮ್ಮವ್ವನ ಕಣ್ಣ ಬಂದಾವು," ಎಂದರು.

ಐವತ್ತು ವರ್ಷಕ್ಕೂ ಹೆಚ್ಚು ಕಾಲ ಈ ದೇಶದಲ್ಲಿದ್ದರೂ ಅವರ ಕನ್ನಡ ಗದಗಿನದೇ. ಮಾತಾಡಲು ಯಾರೂ ಇಲ್ಲದ್ದರಿಂದ ಬದಲಾಗದೆ ಹಾಗೇ ಉಳಿದಿತ್ತು. ಅವರ ಆರು ಮಕ್ಕಳಿಗೆ ಕನ್ನಡ ಬರುತ್ತಿರಲಿಲ್ಲ. ಮಡದಿ ಹೆಲೆನ್ ತೀರಿಕೊಂಡು ಮೂರ್ನಾಲ್ಕು ವರ್ಷವಾಗಿತ್ತು. ಮಕ್ಕಳೆಲ್ಲ ಬೇರೆ ಬೇರೆ ರಾಜ್ಯಗಳಲ್ಲಿ, ಒಬ್ಬ ಮಗಳು ಮಾತ್ರ ತುಸು ಹತ್ತಿರ, ರಾಲಿಯಲ್ಲಿ. ಆ ದೊಡ್ಡ ಇಟ್ಟಿಗೆಯ ಮನೆಯಲ್ಲಿ ಎಲ್ಲಿ ನೋಡಿದರೂ ಮಕ್ಕಳು ಮೊಮ್ಮಕ್ಕಳ ಫೋಟೊಗಳು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಾಡಿನವರೆಗೆ ಗೋಧಿ, ಅಕ್ಕಿ, ಒಣಬೀನ್ಸ್ ತುಂಬಿದ ಬಕೆಟ್‌ಗಳು. ಕಷ್ಟಕಾಲಕ್ಕೆಂದು ವರ್ಷಕ್ಕಾಗುವಷ್ಟು ಆಹಾರ ಕೂಡಿಡುವುದು ಅವರ ಧರ್ಮದ ಶಿಸ್ತಂತೆ. ಅಂಗಡಿಗಳಲ್ಲಿ ಹಿಟ್ಟೂ ಸಿಗದ ಆ ದಿನಗಳಲ್ಲಿ ನಾವು ತಿಂದದ್ದು ಹೆಲೆನ್ ದೊಡ್ಡಜ್ಜಿ ತುಂಬಿಟ್ಟಿದ್ದ ಗೋಧಿ. ಅಮ್ಮ ಮೊದಲ ದಿನ ಆ ಕೋಣೆಯಲ್ಲಿ ನಿಂತು, ಈಯಮ್ಮ ನಮಗೆ ಅಂತಲೇ ಇಟ್ಟು ಹೋದಂಗಿದೆಯಲ್ಲೇ ಎಂದು ಮೆಲ್ಲಗೆ ಹೇಳಿದಳು. ಹೇಳಿ, ಅಳು ಬಂದದ್ದಕ್ಕೆ ನನ್ನ ಮೇಲೆ ರೇಗಿದಳು.

ಅಮ್ಮ ಮೈಸೂರಿನವಳು. ಬೆಳಗಿನ ಫಿಲ್ಟರ್ ಕಾಫಿ ಇಲ್ಲದಿದ್ದರೆ ಅವಳಿಗೆ ತಲೆ ಸಿಡಿಯುತ್ತದೆ. ಆ ಮನೆಯಲ್ಲಿ ಕಾಫಿ, ಟೀ ಎರಡೂ ಇಲ್ಲ, ಧರ್ಮದಲ್ಲಿ ನಿಷಿದ್ಧ. ಯಾರೂ ನಮಗೆ ಬೇಡ ಎಂದಿರಲಿಲ್ಲ. ಆದರೆ ಕೇಳುವುದಕ್ಕೆ ಅಮ್ಮನಿಗೆ ಬಾಯಿ ಬರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಡಿಕಾಕ್ಷನ್ ಇಳಿಸಿ, ಲೋಟ ಹಿಡಿದು ಗ್ಯಾರೇಜಿನಲ್ಲಿ ನಿಂತ ಕಾರಿನೊಳಗೆ ಕೂತು ಕುಡಿಯುತ್ತಿದ್ದಳು. ದೇವರನ್ನೂ ಹಾಗೆಯೇ ಬಟ್ಟೆಯ ಕ್ಲೋಸೆಟ್ಟಿನಲ್ಲಿ ಸೀರೆಗಳ ಹಿಂದೆ ಇಟ್ಟಿದ್ದಳು. ಹೊಗೆಯ ಅಲಾರಂ ಕೂಗೀತೆಂದು ಊದುಬತ್ತಿ ಹಚ್ಚದೆ ಸುಮ್ಮನೆ ತೋರಿಸುತ್ತಿದ್ದಳು. ಒಂದು ದಿನ ದೊಡ್ಡಜ್ಜ ಗ್ಯಾರೇಜಿಗೆ ಬಂದರು. ಕಾರಿನ ಗಾಜಿನ ಹಿಂದೆ ಲೋಟ ಹಿಡಿದು ಕೂತ ಸೊಸೆಯನ್ನು ನೋಡಿ ಬಾಗಿಲು ತಟ್ಟಿದರು.

"ಇಲ್ಯಾಕ ಕುಂತಿ? ಒಳಗ ಕುಂತು ಕುಡಿಯವಾ. ವಾಸನಿ ನನಗೇನೂ ಮಾಡಂಗಿಲ್ಲ."

ಅಮ್ಮ ಆ ದಿನದಿಂದ ಕಾಫಿಯನ್ನೇ ಬಿಟ್ಟಳು. ಒಂದು ತಿಂಗಳು ತಲೆನೋವಿನಿಂದ ನರಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಕಡೆಗೆ ಅಪ್ಪನೇ ಫಿಲ್ಟರನ್ನು ತಂದು ಅಡುಗೆಮನೆಯ ಒಲೆಯ ಪಕ್ಕ ಇಟ್ಟರು.

ಅಪ್ಪನ ಸಂಕಟ ಇನ್ನೊಂದು ಬಗೆಯದು. ಅವರಿಗೆ ಗಡುವು ಮುಗಿಯುವ ಮೊದಲೇ ಕೆಲಸ ಸಿಕ್ಕಿತು, ಆದರೆ ಅದೂ ಆ ಚರ್ಚಿನವರ ಋಣದಿಂದಲೇ. ದೊಡ್ಡಜ್ಜನ ಚರ್ಚಿನವರೊಬ್ಬರು ಯಂತ್ರದ ಭಾಗಗಳ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು, ಅವರು ವೀಸಾದ ಕಾಗದಪತ್ರ ಮಾಡಿಸಿ ಸೇರಿಸಿಕೊಂಡರು. ಅಲ್ಲಿಂದ ಸುದ್ದಿ ಹೇಗೆ ಹರಡಿತೋ, ಕಮ್ಮಿಂಗ್‌ನ ಆ ಬಾಲ್ಕನಿಯ ಆಂಟಿ ಒಂದು ಸಂಜೆ ಅಮ್ಮನಿಗೆ ಫೋನ್ ಮಾಡಿ ಮೊದಲು ಕೋವಿಡ್ಡಿನ ಮಾತಾಡಿದರು, ಆಮೇಲೆ ಮಾವಿನಕಾಯಿಯ ಮಾತಾಡಿದರು, ಕೊನೆಗೆ ನಿಧಾನವಾಗಿ ಕೇಳಿದರು:

"ಸವಿತಾ, ತಪ್ಪು ತಿಳ್ಕೋಬೇಡ. ನೀವೂ ಕನ್ವರ್ಟ್ ಆಗ್ಬಿಟ್ರಿ ಅಂತ ಇಲ್ಲೆಲ್ಲಾ ಹೇಳ್ತಿದಾರಲ್ಲ, ನಿಜಾನಾ?"

ಅಮ್ಮ ಇಲ್ಲ ಎಂದಳು. ಆದರೆ ಸ್ಪೀಕರಿನಲ್ಲಿ ಹಾಕಿದ್ದಳು. ಊಟದ ಮೇಜಿನ ತುದಿಯಲ್ಲಿ ದೊಡ್ಡಜ್ಜ ನನಗೆ ಗಣಿತ ಹೇಳಿಕೊಡುತ್ತಿದ್ದರು. ಅವರು ಪೆನ್ಸಿಲ್ ನಿಲ್ಲಿಸಲಿಲ್ಲ. ಆದರೆ ಮುಂದಿನ ಲೆಕ್ಕವನ್ನು ಮೊದಲ ಸಲ ತಪ್ಪು ಮಾಡಿದರು. ಆಮೇಲೆ ಆನ್‌ಲೈನ್ ಕನ್ನಡ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ನನಗೆ ಚಾಟ್‌ನಲ್ಲಿ ಅದನ್ನೇ ಬರೆದು ಕೇಳಿದಳು. ಮುಂದಿನ ಕ್ಲಾಸಿಗೆ ನಾನು ಕ್ಯಾಮೆರಾ ಹಾಕಲಿಲ್ಲ.

ದೊಡ್ಡಜ್ಜ ನಮ್ಮನ್ನು ತಮ್ಮ ಧರ್ಮಕ್ಕೆ ಸೇರಿಸಿಕೊಳ್ಳಲು ಯತ್ನಿಸಿದರೇ ಎಂದು ಜನ ಈಗಲೂ ಕೇಳುತ್ತಾರೆ. ಒಮ್ಮೆಯೂ ಇಲ್ಲ. ಹೆಸರಿನ ಪಟ್ಟಿ ಚುಚ್ಚಿಕೊಂಡ ಇಬ್ಬರು ತರುಣ ಪ್ರಚಾರಕರು ಒಮ್ಮೆ ಬಂದು ವರಾಂಡದ ಕೆಳಗೆ ದೂರದಲ್ಲೇ ನಿಂತು ಮಾತು ಶುರುಮಾಡಿದಾಗ, ಈ ಮನೆಯವರನ್ನು ಅವರ ಪಾಡಿಗೆ ಬಿಡಿ ಎಂದು ದೊಡ್ಡಜ್ಜನೇ ಹೇಳಿ, ಐಸ್‌ಕ್ರೀಮ್ ಕೊಟ್ಟು ಕಳಿಸಿದರು. ತಮ್ಮ ವ್ರತವನ್ನು ಮಾತ್ರ ಒಂದು ಕೂದಲೆಳೆಯಷ್ಟೂ ಸಡಿಲಿಸುತ್ತಿರಲಿಲ್ಲ. ಸೋಮವಾರ ಸಂಜೆ ಮನೆಮಂದಿಯ ಪ್ರಾರ್ಥನೆ. ಆರು ಮಕ್ಕಳೂ ಜೂಮ್‌ನಲ್ಲಿ ಬಂದು ಹಾಡು ಹೇಳಿ, ಮೊಮ್ಮಕ್ಕಳು ಆಟವಾಡಿ, ಕೊನೆಗೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಸಿಹಿ ತಿನ್ನುತ್ತಿದ್ದರು. ಸೋಮವಾರ ಅಮ್ಮನದೂ ಶಿವನ ಉಪವಾಸ. ಅವಳು ಮೇಲಿನ ಕೋಣೆಯಲ್ಲಿ, ಅವರು ಕೆಳಗೆ. ತಿಂಗಳ ಮೊದಲ ಭಾನುವಾರ ಅವರು ಎರಡು ಹೊತ್ತು ನೀರೂ ಮುಟ್ಟುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಬೇಡ ಎಂದು ರಾಲಿಯ ಮಗಳು ಫೋನಿನಲ್ಲಿ ಗದರಿದರೆ, ಹೂಂ ಎಂದು ಫೋನಿಟ್ಟು ಉಪವಾಸ ಮುಂದುವರಿಸುತ್ತಿದ್ದರು. ಚರ್ಚು ಮುಚ್ಚಿದ್ದ ಆ ತಿಂಗಳುಗಳಲ್ಲಿ ಭಾನುವಾರದ ಬ್ರೆಡ್ಡು ಮತ್ತು ನೀರಿನ ಪ್ರಸಾದವನ್ನು ಮನೆಯಲ್ಲೇ ಮಾಡಿಕೊಳ್ಳಲು ಅವರಿಗೆ ಅನುಮತಿ ಇತ್ತು. ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಒಬ್ಬರೇ ಮಂಡಿಯೂರಿ, ಬ್ರೆಡ್ಡು ಮುರಿದು ಪ್ರಾರ್ಥಿಸುತ್ತಿದ್ದರು. ಒಂದು ಭಾನುವಾರ ಬ್ರೆಡ್ಡು ತೀರಿತ್ತು. ಇಂಡಿಯನ್ ಅಂಗಡಿಯಿಂದ ಅಪ್ಪ ತಂದ ಜೋಳದ ಹಿಟ್ಟಿತ್ತು, ಆದರೆ ಅಮ್ಮನಿಗೆ ರೊಟ್ಟಿ ಬಡಿಯಲು ಬರದು. ದೊಡ್ಡಜ್ಜ ಅಂಗಿಯ ತೋಳು ಮಡಚಿ, ಟೈಯನ್ನು ಭುಜದ ಮೇಲೆ ಎಸೆದುಕೊಂಡು, ಬಿಸಿನೀರಿನಲ್ಲಿ ಹಿಟ್ಟು ನಾದಿ, ಕೌಂಟರಿನ ಮೇಲೆ ರೊಟ್ಟಿ ತಟ್ಟಿದರು. ಅಂಚು ಸೀಳಿತ್ತು, ಆದರೂ ರೊಟ್ಟಿಯೇ. ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು ಅವರು ಮಂಡಿಯೂರಿದಾಗ ಅಪ್ಪ ಎದ್ದು ಹೊರಗೆ ಹೋದರು. ಹಿತ್ತಿಲಿನ ಬೇಲಿಯ ಹತ್ತಿರ ನಿಂತು ಮುಖ ಒರೆಸಿಕೊಳ್ಳುವುದನ್ನು ಕಿಟಕಿಯಿಂದ ನೋಡಿದೆ. ನನ್ನ ಅಪ್ಪ ಅಳುವುದನ್ನು ಅದೇ ಮೊದಲ ಸಲ ಕಂಡದ್ದು.

ತಾವು ಒಮ್ಮೆ ಗದಗಿಗೆ ಹೋಗಿದ್ದ ಸಂಗತಿಯನ್ನು ದೊಡ್ಡಜ್ಜ ನನಗೆ ಹೇಳಿದ್ದು ಆ ಮಧ್ಯಾಹ್ನವೇ. ಅವರ ತಾಯಿ ತೀರಿಕೊಂಡ ಸುದ್ದಿ ತಂಗಿಯಿಂದ ತಿಳಿದು ಹೋದರಂತೆ. ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಅವರ ತಮ್ಮ, ಅಂದರೆ ನನ್ನ ಅಜ್ಜ, ಬಾಗಿಲಲ್ಲಿ ನಿಂತು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕೂತಿದ್ದು, ಆ ಮನೆಯವರು ಕೊಟ್ಟ ನೀರು ಕುಡಿದು, ಬಸ್ಸು ಹಿಡಿದರಂತೆ. ಇದನ್ನು ಯಾವ ಸಿಟ್ಟೂ ಇಲ್ಲದೆ ಹೇಳಿದರು. ಲಿಂಗವನ್ನು ಅಂಚೆಯಲ್ಲಿ ಕಳಿಸಬಾರದಿತ್ತು, ಸ್ವತಃ ತಂದು ಅವ್ವನ ಕೈಯಲ್ಲಿಟ್ಟು ಅವಳ ಮಾತು ಕೇಳಿಸಿಕೊಳ್ಳಬೇಕಿತ್ತು ಎಂದೂ ಹೇಳಿದರು. ನಂಬಿದ್ದನ್ನು ಬಿಡುತ್ತಿರಲಿಲ್ಲ, ಆದರೆ ಎದುರು ನಿಂತು ಹೇಳಬೇಕಿತ್ತು, ಹೆದರಿಕೊಂಡೆ ಎಂದರು. ಅಷ್ಟು ವಯಸ್ಸಾದವರ ಬಾಯಲ್ಲಿ ಆ ಮಾತು ಕೇಳಿ ನಾನು ತಲೆ ಕೆಳಗೆ ಹಾಕಿದೆ. ನಮ್ಮ ಮೇಲಿನ ಕೋಣೆಯ ಬೋಳು ಗೋಡೆಯ ವಿಷಯ ಅವರಿಗೆ ಗೊತ್ತಿದೆ ಎಂದು ನನಗಾಗಲೇ ಗೊತ್ತಿತ್ತು. ಭಾನುವಾರ ನಾವು ಗದಗಿಗೆ ಮಾತಾಡುವಾಗ ಅವರು ಮೆಟ್ಟಿಲು ಹತ್ತಿ ಬಂದು, ಅರ್ಧ ತೆರೆದ ಬಾಗಿಲಿನ ಹೊರಗೆ, ಕ್ಯಾಮೆರಾಕ್ಕೆ ಕಾಣದ ಕಡೆ ನಿಲ್ಲುತ್ತಿದ್ದರು. ಬಿಳಿ ಅಂಗಿಯ ತೋಳಷ್ಟೇ ನನಗೆ ಕಾಣುತ್ತಿತ್ತು. ತಮ್ಮನ ಧ್ವನಿ ಕೇಳುವುದಕ್ಕೆ. ಅಪ್ಪನೂ ನೋಡಿದ್ದರು. ನೋಡಿಯೂ ಚಿತ್ರ ಕಳಚುವುದನ್ನು ನಿಲ್ಲಿಸಲಿಲ್ಲ, ಬಾಗಿಲನ್ನು ಮುಚ್ಚಲೂ ಇಲ್ಲ.

ಮರುವರ್ಷ, ಇಂಡಿಯಾದಲ್ಲಿ ಎರಡನೇ ಅಲೆ ಎದ್ದಿದ್ದ ಸಮಯ. ನಮಗೆ ಭಾನುವಾರ ಬೆಳಿಗ್ಗೆ, ಅಲ್ಲಿ ಸಂಜೆ. ಗದಗಿನ ಮನೆಯಲ್ಲಿ ಅಜ್ಜನ ಜೊತೆ ಇದ್ದವರು ಅಪ್ಪನ ತಮ್ಮ, ನನ್ನ ಕಾಕಾ. ಅವರೇ ಫೋನ್ ಹಿಡಿದಿದ್ದರು. ಅಜ್ಜ ಮಂಕಾಗಿದ್ದರು. ಬೆಳಿಗ್ಗೆಯಿಂದ ತಲೆ ಒಡೆಯುವಷ್ಟು ನೋವು, ಎರಡು ಸಲ ವಾಂತಿ, ಪಿತ್ತ ಕೆರಳಿದೆ, ನಿಂಬೆಹಣ್ಣಿನ ನೀರು ಕುಡಿದಿದ್ದೇನೆ ಎಂದರು. ಬಲಗಣ್ಣು ಕೆಂಪಾಗಿತ್ತು, ಅದನ್ನು ಅಂಗೈಯಿಂದ ಒತ್ತಿಕೊಳ್ಳುತ್ತಿದ್ದರು. ದೀಪ ಹಾಕಿದರೆ ಸುತ್ತಲೂ ಕಾಮನಬಿಲ್ಲಿನ ಬಳೆ ಬಳೆ ಕಾಣುತ್ತದೆ ಎಂದರು. ಅಪ್ಪ ಯಾವುದೋ ಮಾತ್ರೆಯ ಹೆಸರು ಹೇಳತೊಡಗಿದ್ದರು. ಬಾಗಿಲು ಪೂರ್ತಿ ತೆರೆಯಿತು. ದೊಡ್ಡಜ್ಜ ಒಳಗೆ ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಕೇಳಲಿಲ್ಲ, ತೆಗೆದುಕೊಂಡರು. ಕಾಕಾನಿಗೆ ಬೇರೊಂದು ಫೋನಿನ ಟಾರ್ಚನ್ನು ಅಜ್ಜನ ಕಣ್ಣಿಗೆ ಬಿಡಲು ಹೇಳಿದರು. ಕಾಕಾ ಯಾರು ಎಂತು ಎಂದು ಕೇಳದೆ ಬಿಟ್ಟರು. ಬೆಳಕು ಬಿದ್ದರೂ ಕಣ್ಣಿನ ಪಾಪೆ ಕಿರಿದಾಗಲಿಲ್ಲ, ಮಬ್ಬು ಗಾಜಿನಂತೆ ಹಾಗೇ ಇತ್ತು. ನನಗೂ ಕಂಡಿತು.

"ಇದು ಪಿತ್ತ ಅಲ್ಲ. ಕಣ್ಣಾಗ ಒತ್ತಡ ಏರೇದ. ಈಗಿಂದೀಗ ಹುಬ್ಬಳ್ಳಿಗೆ ಕರ್ಕೊಂಡು ಹೋಗ್ರಿ. ನಾಳೆ ಅಂದ್ರ ಕಣ್ಣ ಇರಂಗಿಲ್ಲ."

ಅಜ್ಜ ಕಣ್ಣಿನಿಂದ ಕೈ ತೆಗೆದರು. ಪರದೆಯ ಹತ್ತಿರ ಮುಖ ತಂದರು. ಅವರಿಗೆ ಎಷ್ಟು ಕಾಣುತ್ತಿತ್ತೋ ನಾನರಿಯೆ, ಆದರೆ ಧ್ವನಿ ಸಾಕಾಗಿತ್ತು. ಆಮೇಲೆ ಅವರು ಮಾತಾಡಿದ್ದು ಅಣ್ಣನ ಜೊತೆಗಲ್ಲ, ಅಪ್ಪನ ಜೊತೆ.

"ವೀರೇಶಾ, ನೀ ಯಾರ ಮನ್ಯಾಗ ಅದಿ?"

ಅಪ್ಪ ಅಮ್ಮನ ಕಡೆ ತಿರುಗಿದರು. ಅಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. ಹಾಸಿಗೆಯ ಮೇಲೆ ಆ ಚಿತ್ರ ಬೋರಲು ಬಿದ್ದಿತ್ತು. ಒಂದು ವರ್ಷದಿಂದ ನಮ್ಮ ಬೆನ್ನ ಹಿಂದೆ ಅವಿತಿದ್ದ ಮನೆ ಈಗ ಫೋನಿನ ಚೌಕಟ್ಟಿನಲ್ಲಿ ಪೂರ್ತಿ ಕಾಣುತ್ತಿತ್ತು. ಉತ್ತರ ಕೊಟ್ಟವಳು ನಾನೇ.

"ದೊಡ್ಡಜ್ಜನ ಮನೇಲಿ ಇದೀವಿ ಅಜ್ಜ. ಲಾಸ್ಟ್ ಇಯರಿಂದ."

ಅಜ್ಜ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಈ ಮನುಷ್ಯ ಹೇಳಿದ ಆಸ್ಪತ್ರೆಗೆ ತಾನು ಹೋಗುವುದಿಲ್ಲ, ಕಣ್ಣು ಹೋದರೆ ಹೋಗಲಿ ಎಂದರು. ಕಾಕಾ ಅಂಗಲಾಚಿದರು. ಅಪ್ಪ ತಪ್ಪಾಯಿತು ಎಂದರು. ಅವರು ತಿರುಗಲಿಲ್ಲ. ದೊಡ್ಡಜ್ಜ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹಾಸಿಗೆಯ ಅಂಚಿಗೆ ಕೂತರು.

"ಗುರು," ಎಂದು ತಮ್ಮನನ್ನು ಹೆಸರು ಹಿಡಿದು ಕರೆದರು. "ನನ್ನ ಮಾತು ಕೇಳಬ್ಯಾಡ. ಅವ್ವನ ಮಾರಿ ಕಡೀ ಸಲ ನೋಡಿದ ಕಣ್ಣ ಅವು. ನನಗ ಅದು ಸಿಗಲಿಲ್ಲ. ನೀ ಅವನ್ನ ಕಳಕೋಬ್ಯಾಡ."

ಇಷ್ಟು ಹೇಳಿ ಫೋನನ್ನು ನನಗೆ ಕೊಟ್ಟು, ಮೆಟ್ಟಿಲಿಳಿದು ಹೋದರು. ಕಾಕಾ ಕರೆಯನ್ನು ಕತ್ತರಿಸಿದ್ದರು. ಆ ದಿನ ಕೆಳಗೆ ಪ್ರಾರ್ಥನೆ ಮಧ್ಯಾಹ್ನದವರೆಗೂ ಮುಗಿಯಲಿಲ್ಲ. ಅಮ್ಮ ಕ್ಲೋಸೆಟ್ಟಿನ ಬಾಗಿಲು ಪೂರ್ತಿ ತೆಗೆದಿಟ್ಟು, ಅಲಾರಂ ಕೂಗಿದರೆ ಕೂಗಲಿ ಎಂದು ದೀಪ ಹಚ್ಚಿದಳು. ಊಟದ ಹೊತ್ತು ದಾಟಿದ ಮೇಲೆ ಕಾಕಾನ ಮೆಸೇಜ್ ಬಂತು. ಅಜ್ಜ ತಾವಾಗಿಯೇ ಎದ್ದು ಕೋಟು ಕೇಳಿದರಂತೆ. ಆಂಬುಲೆನ್ಸುಗಳೆಲ್ಲ ಕೋವಿಡ್ಡಿಗೆ ಹೋಗಿದ್ದವು, ಪರಿಚಯದವರ ಕಾರಿನಲ್ಲಿ ಕರೆದೊಯ್ದರು. ಬಲಗಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು. ಎಡಗಣ್ಣಿಗೂ ಅದೇ ಬರುವುದರಲ್ಲಿತ್ತು, ಲೇಸರ್ ಹಾಕಿ ಉಳಿಸಿದರು.

ಎರಡು ವಾರ ಗದಗಿನಿಂದ ಫೋನ್ ಬರಲಿಲ್ಲ. ಬಂದಾಗ ಅಜ್ಜನೇ ಮಾಡಿದ್ದರು. ಒಂದು ಕಣ್ಣಿಗೆ ಬಿಳಿ ಪಟ್ಟಿ. ಬೈಯುತ್ತಾರೆಂದು ನಾವು ಕಾದೆವು. ಅವರು ನನ್ನನ್ನು ಮಾತ್ರ ಕರೆದು, ಮನೆ ತೋರಿಸು ಎಂದರು. ನಾನು ಫೋನ್ ಹಿಡಿದು ಹೊರಟೆ. ಮೆಟ್ಟಿಲು, ಫೋಟೊಗಳ ಗೋಡೆ, ಗೋಧಿಯ ಬಕೆಟ್‌ಗಳು, ಒಲೆಯ ಪಕ್ಕದ ಕಾಫಿ ಫಿಲ್ಟರ್ ಎಲ್ಲ ತೋರಿಸಿದೆ. ಅಜ್ಜ ಏನನ್ನೂ ಕೇಳಲಿಲ್ಲ, ಹೂಂ, ಮುಂದ ನಡಿ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ದೊಡ್ಡಜ್ಜ ಕುರ್ಚಿಯಲ್ಲಿ ಧರ್ಮಗ್ರಂಥ ಓದುತ್ತ ಕೂತಿದ್ದರು. ನನಗೆ ಏನು ಮಾಡಬೇಕೆಂದು ತೋಚದೆ ಫೋನನ್ನು ಅವರ ಕಡೆ ಹಿಡಿದು ನಿಂತೆ. ದೊಡ್ಡಜ್ಜ ಪುಸ್ತಕ ಮುಚ್ಚಿ ನೆಟ್ಟಗೆ ಕೂತು ಟೈ ಸರಿಮಾಡಿಕೊಂಡರು. ಇಬ್ಬರು ಮುದುಕರು ಒಬ್ಬರನ್ನೊಬ್ಬರು ನೋಡಿದರು. ಕೈ ಸೋತರೂ ನಾನು ಇಳಿಸಲಿಲ್ಲ. ಕೊನೆಗೆ ಅಜ್ಜ, ಸಾಕು ನಡಿ ಎಂದರು.

ಆಮೇಲೂ ಅವರು ಒಬ್ಬರ ಜೊತೆ ಒಬ್ಬರು ನೇರವಾಗಿ ಮಾತಾಡಲಿಲ್ಲ. ಪ್ರತಿ ಭಾನುವಾರ ಅಜ್ಜ, ಆ ಮನಿಷಾ ಹ್ಯಾಂಗ ಅದಾನ ಎಂದು ನನ್ನನ್ನು ಕೇಳುತ್ತಿದ್ದರು. ದೊಡ್ಡಜ್ಜ ಕಣ್ಣಿನ ಹನಿ ಹೊತ್ತಿಗೆ ಸರಿಯಾಗಿ ಹಾಕುತ್ತಾನೇನು ಕೇಳು ಎನ್ನುತ್ತಿದ್ದರು. ನಾನು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೇಳುತ್ತಿದ್ದೆ. ನನ್ನ ಕನ್ನಡ ಗಟ್ಟಿಯಾದದ್ದು ಹಾಗೆ. ಅಪ್ಪನಿಗೆ ಸಂಬಳ ಹೆಚ್ಚಾದ ಮೇಲೂ ನಾವು ಬೇರೆ ಮನೆ ಮಾಡಲಿಲ್ಲ. ಮಾಡೋಣವೆಂಬ ಮಾತು ಬಂದಾಗಲೆಲ್ಲ ದೊಡ್ಡಜ್ಜ ಕೋಣೆಯಿಂದ ಎದ್ದು ಹೋಗುತ್ತಿದ್ದರು.

ಇನ್ನೂ ಎರಡು ಚಳಿಗಾಲ ಕಳೆದು, ಅಂಗಳದ ಡಾಗ್‌ವುಡ್ ಮರ ಹೂ ಬಿಟ್ಟ ವಾರ ಅವರು ನಿದ್ದೆಯಲ್ಲೇ ಹೋದರು. ಆರು ಮಕ್ಕಳೂ ಬಂದರು. ದೇಹಕ್ಕೆ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಡಿಸಿದರು. ಚರ್ಚು ತುಂಬಿತ್ತು. ಅವರಿಂದ ಕಣ್ಣು ಪಡೆದವರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಮಕ್ಕಳಿಗೆ ಅವರು ಸೈಕಲ್ ಕಲಿಸಿದ್ದು, ಹೆಂಡತಿ ಹಾಸಿಗೆ ಹಿಡಿದಾಗ ದಿನಾ ತಲೆ ಬಾಚುತ್ತಿದ್ದದ್ದು ನಮಗೆ ಗೊತ್ತಾದದ್ದು ಅಲ್ಲಿ. ಕುಟುಂಬದವರ ಸಾಲಿನಲ್ಲಿ ಕೂರಿ ಎಂದು ರಾಲಿಯ ಮಗಳು ಕೈ ಹಿಡಿದು ಕರೆದರು. ಅಪ್ಪ ಸಂಕೋಚದಿಂದ ಕಡೆಯ ಬೆಂಚಿನಲ್ಲೇ ಉಳಿದರು. ಸ್ಮಶಾನದಲ್ಲಿ ಹಿರಿಯ ಮಗ ಪ್ರಾರ್ಥನೆ ಮಾಡಿ ಆ ಜಾಗವನ್ನು ತಂದೆಗೆ ಮೀಸಲಿಟ್ಟರು. ಪೆಟ್ಟಿಗೆ ಗುಂಡಿಯ ಮೇಲೆ ಪಟ್ಟಿಗಳಲ್ಲಿ ನಿಂತಿತ್ತು. ಜನ ಅದರ ಮೇಲೆ ಹೂವಿಟ್ಟು, ಚರ್ಚಿನ ಊಟಕ್ಕೆಂದು ಕಾರುಗಳ ಕಡೆ ನಡೆದರು. ಇಳಿಸುವುದು, ಮುಚ್ಚುವುದು ಆಮೇಲೆ ಕೆಲಸಗಾರರು ಯಂತ್ರದಿಂದ ಮಾಡುತ್ತಾರಂತೆ. ಹಸಿರು ಹೊದಿಕೆಯ ಕೆಳಗೆ ಮಣ್ಣು ರಾಶಿ ಬಿದ್ದಿತ್ತು. ಅಪ್ಪ ಅದರ ಕಡೆ ಎರಡು ಹೆಜ್ಜೆ ಇಟ್ಟರು. ಸೂಟು ಹಾಕಿದ ಅಷ್ಟು ಜನರ ನಡುವೆ ಹೊದಿಕೆ ಎತ್ತಿ ಮಣ್ಣಿಗೆ ಕೈ ಹಾಕುವುದು ಹೇಗೆ? ನಿಂತರು, ಸುತ್ತ ನೋಡಿದರು, ಹಿಂದಕ್ಕೆ ಬಂದರು. ನಾವೂ ಊಟಕ್ಕೆ ಹೋದೆವು.

ಗದಗಿಗೆ ಹೇಳಿದ್ದು ಮರುದಿನ ಬೆಳಿಗ್ಗೆ. ಅಜ್ಜ ಅಂಗಳದಲ್ಲಿ ಕೂತಿದ್ದರು. ಸುದ್ದಿ ಕೇಳಿ ಅಳಲಿಲ್ಲ. ಸುಟ್ಟರೋ, ಮಣ್ಣು ಮಾಡಿದರೋ ಎಂದು ಕೇಳಿದರು. ಮಣ್ಣು ಮಾಡಿದರು ಎಂದರು ಅಪ್ಪ. ಲಿಂಗಾಯತರಲ್ಲಿ ಮಣ್ಣು ಮಾಡುವುದೇ ಪದ್ಧತಿ, ಅದೂ ದೇಹವನ್ನು ಕೂಡಿಸಿ. ಅಜ್ಜನ ಉಸಿರು ಕೆಳಗಿಳಿದದ್ದು ಇಲ್ಲಿಗೆ ಕೇಳಿಸಿತು. ಕೂಡಿಸಿದರೋ, ಮಲಗಿಸಿದರೋ ಎಂದರು. ಮಲಗಿಸಿ, ಎಂದರು ಅಪ್ಪ. ಅಜ್ಜ ಇನ್ನೊಂದು ಕೇಳಿದರು.

"ನಮ್ಮವರು ಯಾರರ ಮಣ್ಣ ಹಾಕಿದ್ರಿ?"

ಅಪ್ಪ ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು.

"ಹಾಕಿದ್ವಿ ಅಪ್ಪಾ," ಎಂದರು. "ಮೂರೂ ಮಂದಿ ಹಾಕಿದ್ವಿ."

"ಚಲೋ ಮಾಡಿದ್ರಿ," ಎಂದ ಅಜ್ಜ ಆಗ ಅಳತೊಡಗಿದರು. ಕಾಣುವ ಕಣ್ಣು, ಕಾಣದ ಕಣ್ಣು ಎರಡರಿಂದಲೂ ನೀರು ಇಳಿಯುತ್ತಿತ್ತು. ಕಾಕಾ ಫೋನ್ ತೆಗೆದುಕೊಂಡರು.

ಕರೆ ಮುಗಿದ ಮೇಲೆ ನಾವು ಮೂವರೂ ಮೇಜಿನ ಸುತ್ತ ಕೂತಿದ್ದೆವು. ನನ್ನ ಕಿವಿ ಸುಡುತ್ತಿತ್ತು. ಅಪ್ಪ ತಲೆಯೆತ್ತಲಿಲ್ಲ. ಅಮ್ಮ ಎದ್ದು ಗ್ಯಾಸ್ ಆ‌ರಿಸಿದಳು, ಚಪ್ಪಲಿ ಮೆಟ್ಟಿಕೊಂಡಳು, ಕಾರಿನ ಬೀಗದ ಕೈ ಹುಡುಕಿ ಅಪ್ಪನ ಮುಂದೆ ಇಟ್ಟಳು. ಸ್ಮಶಾನದಲ್ಲಿ ಒಬ್ಬರೂ ಇರಲಿಲ್ಲ. ಗುಂಡಿ ಮುಚ್ಚಿಯಾಗಿತ್ತು. ಕೆಂಪು ಜೇಡಿಮಣ್ಣು ಇಬ್ಬನಿಗೆ ಒದ್ದೆಯಾಗಿ ಗಟ್ಟಿಯಾಗಿ ಕೂತಿತ್ತು. ಅಪ್ಪ ಬೂಟು ಬಿಚ್ಚಿ ಮಂಡಿಯೂರಿ ಉಗುರಿನಿಂದ ಅದನ್ನು ಕೆದರಿದರು. ಒಂದು ಹಿಡಿ ಅಮ್ಮನ ಕೈಗೆ ಕೊಟ್ಟರು, ಒಂದು ಹಿಡಿ ನನಗೆ ಕೊಟ್ಟರು, ಒಂದನ್ನು ತಾವು ಹಿಡಿದರು. ಮೂವರೂ ಹಾಕಿದೆವು.